ದೋಣಿಗಲ್ಲಿನ ಬಂಡೆ, ಸುಮಾತ್ರದ ಕಂದಕ

ಸಕಲೇಶಪುರ ಬಿಟ್ಟು ಘಟ್ಟ ಇಳಿಯಲು ಹೊರಟ ರೈಲಿಗೆ ಮೊದಲು ಸಿಗುವ ನಿಲ್ದಾಣ ದೋಣಿಗಲ್. ಮುಂದೆ ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ಸುಬ್ರಹ್ಮಣ್ಯ ರೋಡ್ ಮುಟ್ಟುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ. ಸುರಂಗದ ಗೋಡೆಯಲ್ಲೂ ಹೆದ್ದಾರಿ 75ಕ್ಕಾಗಿ ಕಡಿದ ಗುಡ್ಡದ ಮೈಯಲ್ಲೂ ಕಾಣುವುದು ಹೆಚ್ಚಾಗಿ ಒಂದೇ ಜಾತಿಯ ಕಲ್ಲು: ಬಿಳಿ-ಕಪ್ಪು ಪಟ್ಟೆಯ ನೈಸ್. ಹಾಸನ ಸೀಮೆಯ ಈ ನೈಸ್‌ಗಳ ವಯಸ್ಸು 300 ಕೋಟಿ ವರ್ಷದ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು. ದೊಡ್ಡ ಭೂಕಂಪ, ಸುನಾಮಿ ಎಂದರೆ ಇಲ್ಲಿ ಪತ್ರಿಕೆಯಲ್ಲಿ ಓದುವ ದೂರದ ಸುದ್ದಿ. ಹಾಗಿದ್ದೂ ಈ ಲೇಖನ ದೋಣಿಗಲ್ಲಿನಿಂದಲೇ ಹೊರಡಲು ಕಾರಣವಿದೆ. ಭೂಮಿಯ ಅತಿ ದೊಡ್ಡ ಕಂಪನಗಳನ್ನು ಕುರಿತ ಶಾಸ್ತ್ರ ನೂರು ವರ್ಷಗಳಲ್ಲಿ ಮತ್ತೆ ಮತ್ತೆ ಎಡವಿದ್ದು ಸುಮ್ಮನಿರುವ ನೆಲವನ್ನು ಅರ್ಥ ಮಾಡಿಕೊಳ್ಳುವಲ್ಲಿ. ಸದ್ದು ಕೇಳಿಸದ ಕಡೆ ಶಕ್ತಿಯೇ ಇಲ್ಲ ಎಂದು ಅದು ನಂಬಿತು; ಆ ನಂಬಿಕೆ ಮುರಿದಾಗಲೆಲ್ಲ ಒಂದು ಹೆಜ್ಜೆ ಮುಂದೆ ಹೋಯಿತು. ಹಾಗೆಂದು ಎಲ್ಲ ಮೌನಕ್ಕೂ ಒಂದೇ ಅರ್ಥವಿಲ್ಲ. ದೋಣಿಗಲ್ಲಿನ ಮೌನವನ್ನೂ ಅಂಡಮಾನಿನ ಮೌನವನ್ನೂ ಬೇರ್ಪಡಿಸಲು ಕಲಿತದ್ದೇ ಈ ಶಾಸ್ತ್ರದ ನಿಜವಾದ ಬೆಳವಣಿಗೆ ಎಂಬುದು ಇಲ್ಲಿನ ವಾದ.

ಸಬ್‌ಡಕ್ಷನ್ ಎಂದರೆ ಸಮುದ್ರತಳದ ಒಂದು ಭೂಫಲಕ ಇನ್ನೊಂದರ ಅಡಿಗೆ ಓರೆಯಾಗಿ ಜಾರಿ, ಭೂಮಿಯ ಒಡಲಿಗೆ ಮರಳುವುದು. ಜಾರುವಿಕೆ ನಯವಾಗಿ ನಡೆಯುವುದಿಲ್ಲ. ಎರಡು ಫಲಕಗಳು ಮುಟ್ಟುವ ಓರೆ ಮೇಲ್ಮೈ, ಅಂದರೆ ಆ ದೈತ್ಯ ಸ್ತರಭಂಗ, ಬಹಳ ಕಡೆ ಕಚ್ಚಿಕೊಂಡಿರುತ್ತದೆ. ಕೆಳಗಿನದು ವರ್ಷಕ್ಕೆ ಕೆಲವು ಸೆಂಟಿಮೀಟರ್ ತಳ್ಳುತ್ತಲೇ ಇರುವುದರಿಂದ ಮೇಲಿನ ಫಲಕದ ಅಂಚು ಬಿದಿರ ಗಳದಂತೆ ಬಾಗುತ್ತ ಹೋಗುತ್ತದೆ. ಹಿಡಿತ ಕಳಚಿದ ದಿನ ನೂರಾರು ವರ್ಷಗಳ ಬಾಗು ನಿಮಿಷಗಳಲ್ಲಿ ನೆಟ್ಟಗಾಗುತ್ತದೆ. ಮೇಲಿದ್ದ ನೀರು ಅಷ್ಟಗಲವೂ ಎದ್ದು ಸುನಾಮಿಯಾಗುತ್ತದೆ. ಇಂದು ಶಾಲೆಯ ಪುಸ್ತಕದಲ್ಲಿರುವ ಈ ಚಿತ್ರ 1960ರ ದಶಕಕ್ಕೆ ಮೊದಲು ಯಾರ ಬಳಿಯೂ ಪೂರ್ತಿಯಾಗಿ ಇರಲಿಲ್ಲ. ಅದರ ತುಂಡುಗಳು ಮಾತ್ರ ಅಲ್ಲಲ್ಲಿ ಬಿದ್ದಿದ್ದವು. 1897ರ ಜೂನ್ 12ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್, ಇಟಲಿಯಷ್ಟು ದೂರದ ಯಂತ್ರಗಳಲ್ಲಿ ಮೂಡಿದ ಗೆರೆಗಳಿಂದ ಕಂಪನದ ಅಲೆಗಳಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು ತೋರಿಸಿದ. 1920ರ ದಶಕದ ಕೊನೆಯಲ್ಲಿ ಜಪಾನಿನ ಕಿಯೂ ವಾದಾತಿ ನೂರಾರು ಕಿಲೋಮೀಟರ್ ಆಳದಲ್ಲೂ ಭೂಕಂಪ ಹುಟ್ಟುತ್ತದೆಂದು ಸಾಧಿಸಿದ; ಆ ಬಿಂದುಗಳು ಓರೆಯಾದ ಹಾಳೆಯಂತೆ ಕೆಳಗಿಳಿಯುವುದನ್ನು ಮುಂದೆ ಅಮೆರಿಕದ ಹ್ಯೂಗೋ ಬೆನಿಯಾಫ್ ಹಲವು ಕಡೆ ಗುರುತಿಸಿದ. ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಜಲಾಂತರ್ಗಾಮಿಯಲ್ಲಿ ಕೂತು ಜಾವಾದ ಕಂದಕದ ಮೇಲೆ ಗುರುತ್ವ ಅಳೆದಾಗ ಅದು ಇರಬೇಕಾದ್ದಕ್ಕಿಂತ ತೀರ ಕಡಿಮೆಯಿತ್ತು. ಓರೆ ಹಾಳೆ ಯಾವುದು, ಕಂದಕವನ್ನು ಕೆಳಗೆಳೆಯುವುದು ಯಾವುದು ಎಂದು ಹೇಳಬಲ್ಲ ಒಂದು ಸೂತ್ರ ಮಾತ್ರ ಸಿಕ್ಕಿರಲಿಲ್ಲ. ಆ ಸೂತ್ರದ ಒಂದು ತುದಿ ಸಿಕ್ಕಿದ್ದು ನಮ್ಮ ಕಡೆಯ ಕಡಲಲ್ಲೇ. ಅರಬ್ಬೀ ಸಮುದ್ರದ ದಕ್ಷಿಣಕ್ಕೆ ಹಾದುಹೋಗುವ ಕಾರ್ಲ್ಸ್‌ಬರ್ಗ್ ದಿಣ್ಣೆಯ ಮೇಲೆ 1962ರಲ್ಲಿ ಓವನ್ ಎಂಬ ಬ್ರಿಟಿಷ್ ಹಡಗು ಅಳೆದ ಕಾಂತತ್ವದ ಲೆಕ್ಕವನ್ನು ಬಳಸಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಸಮುದ್ರತಳ ಎರಡೂ ಬದಿಗೆ ಹರಡುತ್ತಿದೆ ಎಂದು ವಾದಿಸಿದರು. ಒಂದು ಕಡೆ ಹೊಸ ನೆಲ ಹುಟ್ಟುತ್ತಿದೆ, ಭೂಮಿ ಮಾತ್ರ ಹಿಗ್ಗುತ್ತಿಲ್ಲ ಎಂದಮೇಲೆ ಇನ್ನೊಂದು ಕಡೆ ಹಳೆಯ ನೆಲ ಒಳಗೆ ಹೋಗಲೇಬೇಕು.

ಒಳಗೆ ಹೋಗುವುದನ್ನು ಕಣ್ಣಾರೆ ತೋರಿಸಿದ್ದು 1964ರ ಮಾರ್ಚ್ 27ರ ಅಲಾಸ್ಕ ಭೂಕಂಪ, ತೀವ್ರತೆ 9.2. ಯಂತ್ರಗಳ ಗೆರೆಯಿಂದ ಎರಡು ಅರ್ಥ ಹೊರಡುತ್ತಿದ್ದವು: ಸ್ತರಭಂಗ ನೆಟ್ಟಗೆ ನಿಂತಿದೆ ಎನ್ನಬಹುದಿತ್ತು, ಬಹುತೇಕ ಮಲಗಿದೆ ಎಂದೂ ಹೇಳಬಹುದಿತ್ತು. ಹೆಸರಾಂತ ಭೂಭೌತವಿಜ್ಞಾನಿಗಳು ನೆಟ್ಟಗಿನದರ ಪರ ನಿಂತರು. ಜಾರ್ಜ್ ಪ್ಲಾಫ್ಕರ್ ಎಂಬ ಕ್ಷೇತ್ರ ಭೂವಿಜ್ಞಾನಿ ಯಂತ್ರವನ್ನು ಬದಿಗಿಟ್ಟು ಕರಾವಳಿಯ ಬಂಡೆಗಳಿಗೆ ಅಂಟಿದ ಚಿಪ್ಪಿನ ಜೀವಿಗಳ ಗೆರೆಯನ್ನು ಅಳೆಯುತ್ತ ಹೋದ. ಉಬ್ಬರದ ನೀರು ಮುಟ್ಟುವ ಮಟ್ಟದಲ್ಲಷ್ಟೇ ಬದುಕುವ ಅವು ಕೆಲವೆಡೆ ಹತ್ತು ಮೀಟರಿಗೂ ಮೇಲೆ ಒಣಗಿ ಸತ್ತಿದ್ದವು. ಒಳನಾಡಿನ ಕಡೆ ಕಾಡು ಉಪ್ಪುನೀರಿಗೆ ಇಳಿದಿತ್ತು. ಅಷ್ಟು ವಿಶಾಲ ಪಟ್ಟಿ ಏಳುವುದಕ್ಕೂ ಅದರ ಬೆನ್ನಿಗೇ ಇನ್ನೊಂದು ಪಟ್ಟಿ ಕುಸಿಯುವುದಕ್ಕೂ ಮಲಗಿದ ಸ್ತರಭಂಗವೇ ಬೇಕು ಎಂದ. ಭೂಫಲಕ ಸಿದ್ಧಾಂತ ಇನ್ನೂ ಹೆಸರು ಪಡೆಯುವ ಮೊದಲೇ ಬಂದ ತೀರ್ಮಾನವಿದು. ಪ್ರತಿಷ್ಠಿತರ ಸಮೀಕರಣ ಮುಗ್ಗರಿಸಿದ ಕಡೆ ಸತ್ತ ಚಿಪ್ಪಿನ ಸಾಕ್ಷಿ ನಿಂತಿತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆಯೂ ಇದೇ ನಡೆಯುತ್ತದೆ.

ಸುಮ್ಮನಿರುವ ನೆಲದ ಇನ್ನೊಂದು ಉಪಯೋಗ ಇದೇ ದಶಕದಲ್ಲಿ ಕರ್ನಾಟಕದಲ್ಲಿ ಕಾಣಿಸಿತು. 1960ರ ದಶಕದ ನಡುವಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದೊಂದಿಗೆ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ಸರಣಿಯೊಂದನ್ನು ಹೂಡಿತು. ಇಂಗ್ಲಿಷ್ ಎಲ್ ಅಕ್ಷರದಂತೆ ಎರಡು ತೋಳು, ಅವುಗಳ ಉದ್ದಕ್ಕೂ ಇಪ್ಪತ್ತು ಮಾಪಕ. ಉದ್ದೇಶ ಭೂಕಂಪದ ಅಧ್ಯಯನವಲ್ಲ, ಲೋಕದ ಯಾವ ಮೂಲೆಯಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಪತ್ತೆ ಹಚ್ಚುವುದು. ಬಾಂಬನ್ನು ಗುರುತಿಸಬೇಕಾದರೆ ಮೊದಲು ಬಾಂಬಲ್ಲದ್ದನ್ನು, ಅಂದರೆ ಜಪಾನ್, ಇಂಡೋನೇಷ್ಯ, ಅಲ್ಯೂಶಿಯನ್ ಕಂದಕಗಳಿಂದ ಬರುವ ಸಾವಿರಾರು ಕಂಪನಗಳನ್ನು ಗುರುತಿಸಲು ಕಲಿಯಬೇಕು. ಅದಕ್ಕೆ ಧಾರವಾಡ ಕ್ರೇಟಾನ್ ಎಂದು ಕರೆಯುವ ಈ ಹಳೆಯ, ಗಟ್ಟಿ, ಗದ್ದಲವಿಲ್ಲದ ಶಿಲೆ ಹೇಳಿ ಮಾಡಿಸಿದಂತಿತ್ತು. ದೋಣಿಗಲ್ಲಿನ ಬಂಡೆಯೂ ಇದೇ ಕ್ರೇಟಾನಿನ ಪಶ್ಚಿಮದ ಅಂಚು. ಶೀತಲ ಸಮರದ ಅನುಮಾನದಿಂದ ಹುಟ್ಟಿದ ಇಂಥ ಯಂತ್ರಜಾಲವೇ ಲೋಕದ ಭೂಕಂಪಗಳ ನಕ್ಷೆ ಬರೆಯಿತು. 1968ರಲ್ಲಿ ಐಸಾಕ್ಸ್, ಆಲಿವರ್, ಸೈಕ್ಸ್ ಎಂಬ ಮೂವರು ಆ ನಕ್ಷೆಯನ್ನು ಹೊಸ ಸಿದ್ಧಾಂತದೊಂದಿಗೆ ಹೊಂದಿಸಿದಾಗ ಸಬ್‌ಡಕ್ಷನ್ ಎಂಬುದು ಊಹೆಯಾಗಿ ಉಳಿಯಲಿಲ್ಲ.

ಎಲ್ಲವೂ ಸರಿಯಾಗಿ ಕೂತಿತು ಎನಿಸಿದ ಮೇಲೆ ದೊಡ್ಡ ತಪ್ಪು ನಡೆಯಿತು. 1980ರಲ್ಲಿ ಲ್ಯಾರಿ ರಫ್ ಮತ್ತು ಹಿರೂ ಕನಮೊರಿ ಲೋಕದ ಸಬ್‌ಡಕ್ಷನ್ ವಲಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಳಗಿಳಿಯುವ ಫಲಕ ಎಳೆಯದಾಗಿ, ಬೇಗ ಚಲಿಸುತ್ತಿದ್ದರೆ ಚಿಲಿಯಲ್ಲಾದಂಥ ಮಹಾಕಂಪನ. ಹಳೆಯದಾಗಿ, ನಿಧಾನವಾಗಿದ್ದರೆ ಸಣ್ಣ ಕಂಪನಗಳಷ್ಟೇ ಎಂಬ ಅಂದವಾದ ನಿಯಮ ಹೊರಬಂತು. ಕಾರಣವೂ ಒಪ್ಪುವಂತಿತ್ತು: ಎಳೆಯ ಫಲಕ ಬಿಸಿ ಮತ್ತು ಹಗುರ, ಆದ್ದರಿಂದ ಮೇಲಿನದಕ್ಕೆ ಒತ್ತಿಕೊಂಡಿರುತ್ತದೆ, ಹಳೆಯದು ತಣ್ಣಗೆ, ಭಾರವಾಗಿ ತಾನೇ ಮುಳುಗುತ್ತದೆ. ಈ ನಿಯಮದಲ್ಲಿ ಅಂಡಮಾನ್-ಸುಮಾತ್ರದ ಉತ್ತರ ಭಾಗ ಎರಡನೆಯ ಗುಂಪಿಗೆ ಬಿತ್ತು. ದಾಖಲೆಯೂ ಅದಕ್ಕೆ ತಕ್ಕಂತೆ ಇತ್ತು. 1881ರ ಡಿಸೆಂಬರ್ 31ರ ಕಾರ್ ನಿಕೋಬಾರ್ ಕಂಪನದ ಸುನಾಮಿಯನ್ನು ಬಂಗಾಳ ಕೊಲ್ಲಿಯ ಸುತ್ತಲ ಉಬ್ಬರಮಾಪಕಗಳು ಬರೆದುಕೊಂಡಿದ್ದವು. ಆ ಗೆರೆಗಳನ್ನು ಬಳಸಿ ಆರ್ಟಿಸ್ ಮತ್ತು ಬಿಲ್ಹಮ್ 2003ರಲ್ಲಿ ಅದರ ತೀವ್ರತೆ 7.9 ಎಂದು ಲೆಕ್ಕ ಹಾಕಿದರು. ಅಲೆ ಒಂದು ಮೀಟರಿಗಿಂತ ಕಡಿಮೆ. 1941ರ ಅಂಡಮಾನ್ ಕಂಪನವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ನೂರೈವತ್ತು ವರ್ಷಕ್ಕೂ ಕಡಿಮೆಯ ಲೆಕ್ಕದ ಪುಸ್ತಕ ಹಿಡಿದು ಇಲ್ಲಿ ಎಂಟಕ್ಕಿಂತ ಹೆಚ್ಚು ಬರಲಾರದು ಎಂದುಕೊಂಡದ್ದು ಮೂರ್ಖತನವಲ್ಲ, ಆದರೆ ಅಳತೆಗೋಲಿನ ತಪ್ಪು. ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಮಳೆಯನ್ನು ದಿನದಿನವೂ ಇಂಚಿನಲ್ಲಿ ಬರೆದಿಡುವ ಪುಸ್ತಕಗಳಿರುತ್ತವೆ. ಹೂಮಳೆ ಯಾವ ವಾರ ಬೀಳಬಹುದು, ಆಷಾಢದಲ್ಲಿ ಎಷ್ಟು ಇಂಚು ಎಂಬುದಕ್ಕೆ ಅರವತ್ತು ವರ್ಷದ ಪುಸ್ತಕ ಸಾಕು, ಏಕೆಂದರೆ ಮಳೆಗಾಲ ಅರವತ್ತು ಸಲ ಬಂದುಹೋಗಿದೆ. ಐನೂರು ವರ್ಷಕ್ಕೊಮ್ಮೆ ಬರುವ ಅತಿಥಿಯ ಹೆಸರು ಅದೇ ಪುಸ್ತಕದಲ್ಲಿ ಇಲ್ಲವೆಂದರೆ, ಆತ ಬರುವುದಿಲ್ಲ ಎಂದು ಅರ್ಥವಲ್ಲ.

2004ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 6.28ಕ್ಕೆ ಸುಮಾತ್ರದ ಬಳಿ ಬಿಚ್ಚಿಕೊಂಡ ಸ್ತರಭಂಗ ಉತ್ತರಕ್ಕೆ ಓಡುತ್ತ, ಸುಮಾರು 1300 ಕಿಲೋಮೀಟರ್ ಸೀಳಿ ಅಂಡಮಾನಿನಾಚೆ ನಿಂತಿತು. ಸೀಳಲು ಹಿಡಿದದ್ದು ಹೆಚ್ಚುಕಡಿಮೆ ಹತ್ತು ನಿಮಿಷ. ಪೆಸಿಫಿಕ್ ಎಚ್ಚರಿಕೆ ಕೇಂದ್ರದ ಮೊದಲ ಲೆಕ್ಕ 8.0 ಎಂದಿತು, ಆಮೇಲೆ 8.5, ಕೊನೆಗೆ 9 ದಾಟಿತು. ಕಂಪನದ ಮೊದಲ ಕೆಲವು ಸೆಕೆಂಡುಗಳನ್ನು ನೋಡಿ ಗಾತ್ರ ಹೇಳುವ ವಿಧಾನಕ್ಕೆ ಹತ್ತು ನಿಮಿಷ ಮುಂದುವರಿಯುವ ಕಂಪನ ಅರ್ಥವಾಗಲಿಲ್ಲ. ಚೆನ್ನೈಗೆ ಅಲೆ ಬರಲು ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹೇಳುವ ವ್ಯವಸ್ಥೆ ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ಸುತ್ತಲ ದೇಶಗಳಲ್ಲಿ ಸುಮಾರು 2,27,000 ಜನ ಸತ್ತರು. ಶ್ರೀಲಂಕೆಯನ್ನು ಬಳಸಿ ಬಾಗಿದ ಅಲೆಗಳು ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲಿ ಜೀವ ತೆಗೆದವು. ಮುಂದೆ ಸೊರಗುತ್ತ ಬಂದು ಗೋವಾದ ಮರ್ಮಗೋವಾ ಉಬ್ಬರಮಾಪಕದಲ್ಲೂ ಗೆರೆಯಾದವು. ಅಂದರೆ ನಮ್ಮ ಕರಾವಳಿಯ ಮುಂದೆ ಹಾದೇ ಹೋದವು. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು; ಉತ್ತರ ಅಂಡಮಾನಿನಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಬಿದ್ದವು. ಅಲಾಸ್ಕದಲ್ಲಿ ಪ್ಲಾಫ್ಕರ್ ಕಂಡ ಏಳುಬೀಳಿನ ಅದೇ ಜೋಡಿ.

ಈ ಕಂಪನದ ನಿಜ ಗಾತ್ರವನ್ನು ಅಳೆಯಲು ನೆರವಾದದ್ದು ಮತ್ತೆ ದೂರದ, ಸುಮ್ಮನಿದ್ದ ನೆಲವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ನಿಲ್ದಾಣ 1990ರ ದಶಕದಿಂದ ತನ್ನ ಸ್ಥಾನವನ್ನು ಬಿಡದೆ ಬರೆದುಕೊಂಡು ಬಂದಿತ್ತು. ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆಯ ಸ್ತರಭಂಗ ಬಿಚ್ಚಿದಾಗ ಅದು ಸೆಂಟಿಮೀಟರಿನ ಅಳತೆಯಲ್ಲಿ ಪೂರ್ವಕ್ಕೆ ಸರಿಯಿತು, ಮತ್ತೆ ಹಿಂದಕ್ಕೆ ಬರಲಿಲ್ಲ. ಇಂಥ ದೂರದ ನಿಲ್ದಾಣಗಳ ಸ್ಥಾನಪಲ್ಲಟವನ್ನು ಕೂಡಿಸಿ ಬ್ಯಾನರ್ಜಿ, ಪೊಲಿಟ್ಸ್, ಬುರ್ಗ್‌ಮನ್ 2005ರಲ್ಲಿ ಒಟ್ಟು ಜಾರುವಿಕೆಯ ಲೆಕ್ಕ ಕೊಟ್ಟರು. ಅತ್ತ ಬೆಂಗಳೂರಿನ ಸಂಸ್ಥೆಗಳಲ್ಲಿ ಕೆಲಸ ಮಾಡಿದ ಸಿ.ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅವರ ತಂಡ ಅಂಡಮಾನಿನಲ್ಲೂ ಮಾಮಲ್ಲಪುರದ ಕರಾವಳಿಯಲ್ಲೂ ನೆಲ ಅಗೆದು ಹಳೆಯ ಅಲೆಗಳ ಗುರುತು ಹುಡುಕಿತು. ಸುಮಾರು ಸಾವಿರ ವರ್ಷ ಹಿಂದಿನ ಕಡಲ ನುಗ್ಗಿನ ಸುಳಿವು ಸಿಕ್ಕಿತು. 2008ರಲ್ಲಿ ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದ ಜೌಗಿನಲ್ಲಿ 2004ರ ಮರಳಿನ ಕೆಳಗೆ, ಕಪ್ಪು ಕೆಸರಿನ ನಡುವೆ, 550ರಿಂದ 700 ವರ್ಷ ಹಳೆಯ ಇನ್ನೊಂದು ಮರಳ ಹಾಳೆ ಸಿಕ್ಕಿತು. ಅಂಡಮಾನ್ ಸುಮ್ಮನಿದ್ದದ್ದು ಶಕ್ತಿಯಿಲ್ಲದೆ ಅಲ್ಲ, ಸರದಿ ಬಾರದೆ. ಈ ಪಾಠವನ್ನು ಅಮೆರಿಕದ ವಾಯುವ್ಯ ಕರಾವಳಿ ಮೊದಲೇ ಕಲಿಸಿತ್ತು. ಬಿಳಿಯರು ಬಂದ ಮೇಲೆ ಅಲ್ಲಿ ಒಂದೂ ಮಹಾಕಂಪನವಾಗಿರಲಿಲ್ಲ. 1980ರ ದಶಕದಲ್ಲಿ ಬ್ರಯನ್ ಆಟ್‌ವಾಟರ್ ಉಪ್ಪುನೀರಿಗೆ ಕುಸಿದು ಸತ್ತ ಕಾಡುಗಳನ್ನೂ ಅವುಗಳ ಮೇಲಿನ ಮರಳನ್ನೂ ತೋರಿಸಿದ. ಕೆಂಜಿ ಸಾತಾಕೆ ಮತ್ತು ಸಂಗಡಿಗರು ಜಪಾನಿನ ಹಳೆಯ ಕಡತಗಳಲ್ಲಿ ಯಾವ ಕಂಪನವೂ ಇಲ್ಲದೆ ಬಂದ ಅನಾಥ ಸುನಾಮಿಯನ್ನು ಹಿಡಿದು ದಿನವನ್ನೇ ಹೇಳಿದರು: 1700ರ ಜನವರಿ 26.

ಇಷ್ಟಾದ ಮೇಲೂ 2011ರ ಮಾರ್ಚ್ 11ರ ಜಪಾನಿನ ಮಹಾಕಂಪನ, ಸುನಾಮಿ ಬಂತು. ಲೋಕದಲ್ಲೇ ಅತಿ ಹೆಚ್ಚು ಯಂತ್ರಗಳಿರುವ ಜಪಾನಿನಲ್ಲಿ, ಈಶಾನ್ಯ ಕರಾವಳಿಗೆ ಎಂಟರ ಆಸುಪಾಸಿನ ಕಂಪನಗಳೇ ಬರುತ್ತವೆ ಎಂಬ ಅಂದಾಜಿನ ಮೇಲೆ ಕಡಲ ಗೋಡೆಗಳು ನಿಂತಿದ್ದವು. ಕ್ರಿ.ಶ. 869ರ ಜೋಗನ್ ಸುನಾಮಿ ಸೆಂಡೈ ಬಯಲಿನಲ್ಲಿ ಬಿಟ್ಟ ಮರಳನ್ನು ಭೂವಿಜ್ಞಾನಿಗಳು ಮೊದಲೇ ವರದಿ ಮಾಡಿದ್ದರು. ಇಲ್ಲಿ ಅಜ್ಞಾನವನ್ನು ದೂರುವಂತಿಲ್ಲ. ಮಣ್ಣಿನ ಸಾಕ್ಷಿಗೆ ಯಂತ್ರದ ಸಾಕ್ಷಿಯಷ್ಟು ಬೆಲೆ ಕೊಡಲಿಲ್ಲ ಎಂಬುದೇ ದೂರು. ಕಂದಕಕ್ಕೆ ಹತ್ತಿರದ, ಮೆದು ಮಣ್ಣಿನ ತುದಿ ಶಕ್ತಿ ಕೂಡಿಡಲಾರದು ಎಂಬ ಇನ್ನೊಂದು ನಂಬಿಕೆಯೂ ಅಂದೇ ಹೋಯಿತು: ಅಲ್ಲಿ ಫಲಕ 50 ಮೀಟರಿನಷ್ಟು ಜಾರಿತ್ತು. 2012ರಲ್ಲಿ ಚಿಕ್ಯು ಹಡಗು ಸುಮಾರು ಏಳು ಕಿಲೋಮೀಟರ್ ನೀರಿನಡಿ, ಮತ್ತೆ ಎಂಟುನೂರು ಮೀಟರಿಗೂ ಹೆಚ್ಚು ಕೊರೆದು ಆ ಸ್ತರಭಂಗವನ್ನೇ ಮುಟ್ಟಿತು. ಐದು ಮೀಟರಿಗೂ ತೆಳುವಾದ ಜೇಡಿಮಣ್ಣಿನ ಪಟ್ಟಿ, ವೇಗವಾಗಿ ಉಜ್ಜಿದರೆ ಎಣ್ಣೆ ಸವರಿದಂತೆ ಜಾರುವಂಥದು. ಸುಮಾತ್ರದ ಮುಂದೆ 2016ರಲ್ಲಿ ನಡೆದ ಕೊರೆತ ತದ್ವಿರುದ್ಧ ಕಥೆ ಹೇಳಿತು. ಹಿಮಾಲಯದಿಂದ ನದಿಗಳು ತಂದು ಸುರಿದ ದಪ್ಪ ಹೂಳು ತನ್ನ ದಪ್ಪಕ್ಕೇ ಒಳಗೆ ಬಿಸಿಯಾಗಿ, ಕಂದಕ ಮುಟ್ಟುವ ಮೊದಲೇ ಖನಿಜಗಳೊಳಗಿನ ನೀರು ಬಿಟ್ಟು ಗಟ್ಟಿಯಾಗಿತ್ತು. ಒಂದು ಕಡೆ ಮೆದುವಾದ್ದರಿಂದ, ಇನ್ನೊಂದು ಕಡೆ ಗಟ್ಟಿಯಾದ್ದರಿಂದ ಕೊನೆಯ ತುದಿಯವರೆಗೂ ಜಾರಿತು ಎಂದರೆ ಒಂದೇ ಸೂತ್ರದ ಆಸೆ ಬಿಡಬೇಕಾಗುತ್ತದೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಯಾವ ಕಂದಕವಾದರೂ ಎಂದಾದರೂ ಒಂಬತ್ತರ ಕಂಪನ ಕೊಡಬಹುದು ಎಂದರೆ ಶಾಸ್ತ್ರ ಏನನ್ನೂ ಹೇಳಿದಂತಾಗಲಿಲ್ಲ, ಜೋಯಿಸರ ಪಂಚಾಂಗವೂ ಅಷ್ಟು ಹೇಳುತ್ತದೆ. ಆದರೆ ಶಾಸ್ತ್ರ ಅಲ್ಲಿಗೇ ನಿಂತಿಲ್ಲ. ಕೆನಡಾದ ಕರಾವಳಿಯ ಜಿಪಿಎಸ್‌ಗಳು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅಂತರದಲ್ಲಿ ಕೆಲವು ವಾರ ಹಿಮ್ಮುಖವಾಗಿ ಸರಿಯುತ್ತವೆಂದು 2000ರ ದಶಕದ ಆರಂಭದಲ್ಲಿ ತಿಳಿಯಿತು. ಯಾರಿಗೂ ತಿಳಿಯದಂತೆ ನಡೆಯುವ ನಿಧಾನ ಜಾರುವಿಕೆ ಅದು. ಹಾಗಾಗಿ ಮೌನ ಎರಡು ಬಗೆ: ಬಿಗಿ ಕಚ್ಚಿ ಕೂತ ಮೌನ, ಮತ್ತು ಸದ್ದಿಲ್ಲದೆ ಸಾಲ ತೀರಿಸುತ್ತಿರುವ ಮೌನ. ಯಾವ ತುಂಡು ಯಾವ ಬಗೆಯದು ಎಂಬುದನ್ನು ಈಗ ಅಳೆಯಬಹುದು. ದಿನಾಂಕ ಹೇಳಲಾಗದಿದ್ದರೂ, ಕಂಪನವಾದ ಮೇಲೆ ಅಲೆ ಬರುವ ನಡುವಿನ ಸಮಯವನ್ನು ಬಳಸಬಹುದು. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆಯ ಸುನಾಮಿ ಎಚ್ಚರಿಕೆ ಕೇಂದ್ರ 2007ರ ಅಕ್ಟೋಬರಿನಿಂದ ಇದನ್ನೇ ಮಾಡುತ್ತಿದೆ. 2012ರ ಏಪ್ರಿಲ್ 11ರಂದು ಸುಮಾತ್ರದ ಪಶ್ಚಿಮಕ್ಕೆ 8.6ರ ಕಂಪನವಾದಾಗ ಬೆಂಗಳೂರಿನ ಕಟ್ಟಡಗಳಿಂದಲೂ ಜನ ಹೊರಗೋಡಿದರು. ಅಲೆ ಮಾತ್ರ ಅಲ್ಪ. ಸ್ತರಭಂಗದ ಎರಡು ಬದಿಗಳು ಅಕ್ಕಪಕ್ಕ ಉಜ್ಜಿದ್ದರಿಂದ ನೀರನ್ನು ಎತ್ತುವ ಕೈ ಅಲ್ಲಿರಲಿಲ್ಲ.

ಎರಡನೆಯ ಆಕ್ಷೇಪ ಮಲೆನಾಡಿಗೇ ಸಂಬಂಧಿಸಿದ್ದು. ಮೌನವನ್ನು ನಂಬಬಾರದೆಂದ ಮೇಲೆ ದೋಣಿಗಲ್ಲಿನ ಮೌನವನ್ನು ಏಕೆ ನಂಬಬೇಕು? 1967ರ ಡಿಸೆಂಬರಿನ ಕೊಯ್ನಾ, 1993ರ ಸೆಪ್ಟೆಂಬರಿನ ಕಿಲ್ಲಾರಿ ಎರಡೂ ಗಟ್ಟಿ ನೆಲವೆಂದು ಹೆಸರಾದ ಕಡೆಯೇ ಆದವು. ಕಿಲ್ಲಾರಿಯಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಸುಳ್ಯದ ಸಂಪಾಜೆ ಸುತ್ತ ನೆಲ ಮತ್ತೆ ಮತ್ತೆ ಗುಡುಗಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಹಳೆಯ ಬಂಡೆಯಲ್ಲೂ ಹಳೆಯ ಬಿರುಕುಗಳಿವೆ. ಆದರೆ ಪ್ರಮಾಣ ಬೇರೆ. ಕೊಯ್ನಾದ ಕಂಪನ 6.3, ಸುಮಾತ್ರದ್ದು 9.1, ಬಿಡುಗಡೆಯಾದ ಶಕ್ತಿಯಲ್ಲಿ ಹದಿನೈದು ಸಾವಿರ ಪಟ್ಟು ಅಂತರ. ಬೆಂಗಳೂರಿನ ಜಿಪಿಎಸ್ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸಾಗುತ್ತದೆ ನಿಜ, ಆದರೆ ದಕ್ಷಿಣದ ಉಳಿದ ನೆಲವೂ ಜೊತೆಯಲ್ಲೇ ಸಾಗುತ್ತದೆ. ಒಂದು ಊರಿಗೂ ಇನ್ನೊಂದು ಊರಿಗೂ ನಡುವಿನ ಅಂತರ ಬದಲಾಗುವುದು ತೀರ ಅಲ್ಪ. ಕೂಡಿಡಲು ಸಾಲವೇ ಅಷ್ಟಾಗಿ ಹುಟ್ಟುತ್ತಿಲ್ಲ. ದೋಣಿಗಲ್ ಬಳಿ 2021 ಮತ್ತು 2022ರ ಜುಲೈನಲ್ಲಿ ಹೆದ್ದಾರಿ ಕುಸಿದದ್ದನ್ನು, 2024ರ ಜುಲೈನಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿದ್ದನ್ನು ಭೂಕಂಪದ ಲೆಕ್ಕಕ್ಕೆ ಹಾಕುವುದು ಬರೀ ತಪ್ಪಲ್ಲ, ಅನುಕೂಲದ ತಪ್ಪು. ಅಲ್ಲಿ ಜಾರಿದ್ದು ಬಂಡೆಯ ಮೇಲೆ ಕೊಳೆತು ಮಣ್ಣಾದ ಪದರ. ಅದನ್ನು ನೆನೆಸಿದ್ದು ಮಳೆ, ಅದರ ಬುಡ ಕಡಿದದ್ದು ಮನುಷ್ಯ. ಎರಡು ಸಾವಿರ ಕಿಲೋಮೀಟರ್ ದೂರದ ಫಲಕಕ್ಕೆ ಆ ಹೊಣೆ ಹೊರಿಸಬೇಕಿಲ್ಲ.

ಇದೇ ಬಂಡೆ ಮೊದಲು ಹೇಗೆ ಹುಟ್ಟಿತು ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಮತ್ತೆ ಸಬ್‌ಡಕ್ಷನ್ ಬಳಿಗೇ ತರುತ್ತದೆ. ಹೇಮಾವತಿ ಅಣೆಕಟ್ಟೆಯ ಗೊರೂರನ್ನು ಕನ್ನಡಿಗರು ರಾಮಸ್ವಾಮಿ ಅಯ್ಯಂಗಾರರಿಂದ ಬಲ್ಲರು. ಭೂವಿಜ್ಞಾನಿಗಳು ಗೊರೂರಿನ ನೈಸ್‌ನಿಂದ ಬಲ್ಲರು. ದಕ್ಷಿಣ ಭಾರತದ ನೈಸ್‌ಗಳ ವಯಸ್ಸು 336 ಕೋಟಿ ವರ್ಷದವರೆಗೆ ಹೋಗುತ್ತದೆಂದು 1980ರಲ್ಲಿ ಬೆಕಿನ್‌ಸೇಲ್, ಡ್ರೂರಿ, ಹೋಲ್ಟ್ ವರದಿ ಮಾಡಿದರು; ಗೊರೂರು-ಹಾಸನದ ಬಂಡೆಗಳು ಆ ಹಳೆಯ ಪೀಳಿಗೆಯವು. ಇವುಗಳ ರಸಾಯನ, ಬಸಾಲ್ಟ್ ಬಹಳ ಆಳದಲ್ಲಿ ನೀರಿನೊಂದಿಗೆ ಕರಗಿದಾಗ ಹುಟ್ಟುವ ದ್ರವದಂತಿದೆ. ಆ ಬಸಾಲ್ಟನ್ನು ಆಳಕ್ಕೆ ಒಯ್ದದ್ದು ಯಾವುದು? ಒಳಗೆ ಜಾರಿದ ಫಲಕ ಎಂದು ಕೆಲವರು. ಫಲಕವೇ ಬೇಡ, ದಪ್ಪನೆಯ ಲಾವಾ ಪ್ರಸ್ಥಭೂಮಿಯ ಬುಡ ತಾನೇ ಕರಗಿರಬಹುದು ಎಂದು ಉಳಿದವರು; ಹೊಳೆನರಸೀಪುರ ಪಟ್ಟಿಯ ಕೊಮಟೈಟ್ ಎಂಬ ಅತಿಬಿಸಿ ಲಾವಾ ಆಗಿನ ಭೂಗರ್ಭ ಎಷ್ಟು ಸುಡುತ್ತಿತ್ತು ಎಂಬುದಕ್ಕೆ ಅವರ ಸಾಕ್ಷಿ. ಇಂದಿನ ಸಬ್‌ಡಕ್ಷನ್ ಬಿಟ್ಟುಹೋಗುವ ನೀಲಿ ಶಿಸ್ಟ್ ಎಂಬ ಕಲ್ಲು ಆ ಕಾಲದ್ದು ಸಿಗುವುದಿಲ್ಲ ಎಂಬುದು ಅವರ ಬಲವಾದ ಮಾತು. ಇಲ್ಲೂ ಹಳೆಯ ಎಡವುಗಲ್ಲೇ ಅಡ್ಡ ಇದೆ ಎನಿಸುತ್ತದೆ. ನೀಲಿ ಶಿಸ್ಟ್ ಹುಟ್ಟಲು ಫಲಕ ತಣ್ಣಗಿರಬೇಕು. ಬಿಸಿ ಭೂಮಿಯಲ್ಲಿ ಫಲಕ ಜಾರಿದ್ದರೂ ಅದು ಹುಟ್ಟುತ್ತಿರಲಿಲ್ಲ. ಸಾಕ್ಷಿ ಸಿಗದಿರುವುದೇ ಸಾಕ್ಷಿಯಾಗದು. ಹಾಗೆಂದು ಇಂದಿನ ಸುಮಾತ್ರವನ್ನು ಎತ್ತಿ 330 ಕೋಟಿ ವರ್ಷ ಹಿಂದಿನ ಹಾಸನದಲ್ಲಿ ಇಡುವುದೂ ಅತಿಯಾಯಿತು. ಬಿಸಿಗೆ ಮೆತ್ತಗಾದ ಫಲಕ ಸ್ವಲ್ಪ ಇಳಿದು, ತುಂಡಾಗಿ, ನಿಂತು, ಮತ್ತೆ ಹೊರಟಿರಬಹುದು ಎಂಬ ನಡುದಾರಿ ಹೆಚ್ಚು ನಂಬುವಂತಿದೆ. 270ರಿಂದ 250 ಕೋಟಿ ವರ್ಷ ಹಿಂದೆ ಧಾರವಾಡ ಕ್ರೇಟಾನಿನ ಪೂರ್ವಭಾಗ ಫಲಕಗಳ ಒತ್ತಿನಲ್ಲಿ ಕೂಡಿಕೊಂಡಿತು ಎಂಬುದಕ್ಕೆ ಹೆಚ್ಚು ಬೆಂಬಲವಿದೆ.

ಈಗಿನ ಕರ್ನಾಟಕಕ್ಕೆ ನೇರವಾಗಿ ತಾಗಬಹುದಾದ ಸಬ್‌ಡಕ್ಷನ್ ಸುಮಾತ್ರದ್ದಲ್ಲ. ಪಾಕಿಸ್ತಾನ ಮತ್ತು ಇರಾನಿನ ಮಕ್ರಾನ್ ಕರಾವಳಿಯದು. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1ರ ಕಂಪನವಾಗಿ, ಸುನಾಮಿ ಮುಂಬೈವರೆಗೂ ಬಂದು ಜನರನ್ನು ಎಳೆದೊಯ್ದಿತು. ಆಗ ಹರಿದದ್ದು ಪೂರ್ವದ ಅರ್ಧ ಮಾತ್ರ. ಇರಾನಿನ ಕಡೆಯ ಪಶ್ಚಿಮಾರ್ಧ ಕಚ್ಚಿಕೊಂಡಿದೆಯೇ, ನಿಧಾನವಾಗಿ ಜಾರುತ್ತಿದೆಯೇ ಎಂಬುದು ಇಂದಿಗೂ ವಾದದಲ್ಲಿದೆ. ಎರಡೂ ಒಟ್ಟಿಗೆ ಹರಿದರೆ 8.7ರಿಂದ 9.2ರವರೆಗೂ ಹೋಗಬಹುದೆಂದು 2013ರ ಒಂದು ಅಧ್ಯಯನ ಹೇಳಿತು. ಕಂದಕ ಪೂರ್ವ-ಪಶ್ಚಿಮವಾಗಿ ಮಲಗಿರುವುದರಿಂದ ಅಲೆಯ ಬಹುಪಾಲು ಒಮಾನಿನ ಕಡೆಗೂ ತೆರೆದ ಕಡಲಿಗೂ ಹೋಗುತ್ತದೆ, ಕಾರವಾರ-ಮಲ್ಪೆ-ಮಂಗಳೂರಿಗೆ ಓರೆಯಾಗಿ ಬರುವುದು ಉಳಿದ ಪಾಲು ಎಂಬುದು ಸಮಾಧಾನದ ಮಾತು. ಅಂಥ ಅಲೆ ಎಷ್ಟು ಸಲ ಬಂದಿದೆ ಎಂದು ಕೇಳಬೇಕಾದ್ದು ಮಣ್ಣನ್ನು. ದೋಣಿಗಲ್ ಸಮುದ್ರಕ್ಕಿಂತ 900 ಮೀಟರಿನಷ್ಟು ಮೇಲಿದೆ. ಹುಡುಕಬೇಕಾದ್ದು ಕೆಳಗೆ, ಗಂಗೊಳ್ಳಿಯಂಥ ಅಳಿವೆಗಳ ಹಿಂದಿನ ಜೌಗಿನಲ್ಲಿ. ಅಲ್ಲಿ ಪ್ರತಿ ಮಳೆಗಾಲವೂ ಘಟ್ಟದ ಹೊಳೆಗಳು ಕೆಂಪು ಹೂಳು ಸುರಿಯುತ್ತವೆ, ಆಷಾಢದ ಕಡಲು ಮರಳಿನ ದಿಬ್ಬವನ್ನು ಒಡೆದು ಕಟ್ಟುತ್ತದೆ. ಆ ಹೂಳಿನ ನಡುವೆ ಒಳನಾಡಿನ ಕಡೆಗೆ ತೆಳುವಾಗುತ್ತ ಹೋಗುವ ಒಂದು ಮರಳ ಪದರ, ಅದರೊಳಗೆ ಆಳದ ಕಡಲಿನಲ್ಲಷ್ಟೇ ಬದುಕುವ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕರೆ, ಅದನ್ನು ಬಿರುಗಾಳಿಯ ಮರಳಿನಿಂದ ಬೇರ್ಪಡಿಸಿ ಓದಲು ದಾರಿಯಿದೆ.